ಟ್ರ್ಯಾಕ್ಷನ್ ಕಂಟ್ರೋಲ್, ಇಎಸ್‌ಪಿ ಇರುವ ಕಾರಿನ ಸರ್ವಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಇದನ್ನು ಬರೆದಿರುವುದು ಮುಖ್ಯವಾಗಿ ಸಣ್ಣ ಗ್ಯಾರೇಜಿನವರಿಗೆ, ಆಮೇಲೆ ಭಾನುವಾರ ಮನೆ ಮುಂದೆ ತಾವೇ ಬ್ರೇಕ್ ಪ್ಯಾಡ್ ಬದಲಿಸುವ ಹುಮ್ಮಸ್ಸಿನವರಿಗೆ. ಗಾಡಿ ಬಿಟ್ಟು ಸಂಜೆ ಬರುತ್ತೇನೆ ಅನ್ನುವವರೂ ಓದಬಹುದು, ಏನು ಕೇಳಬೇಕು ಅನ್ನೋದಾದರೂ ತಿಳಿಯುತ್ತದೆ. ಹಳೇ ಗಾಡಿಗಳಲ್ಲಿ ಪೆಡಲ್ ತುಳಿದರೆ ಮಾತ್ರ ಬ್ರೇಕ್ ಹಿಡಿಯುತ್ತಿತ್ತು. ಇಎಸ್‌ಪಿ (ಗಾಡಿ ಜಾರಿ ದಾರಿ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಯಾರೂ ತುಳಿಯದಿದ್ದರೂ ಹಿಡಿಯುತ್ತದೆ. ಗಾಡಿ ರಸ್ತೆ ಮೇಲಿದೆಯೋ ಲಿಫ್ಟ್ ಮೇಲಿದೆಯೋ ಅನ್ನೋದು ಅದಕ್ಕೆ ಗೊತ್ತಾಗುವುದಿಲ್ಲ. ಕೆಳಗೆ ಬರುವ ಬಹುಪಾಲು ಎಚ್ಚರಿಕೆಗಳಿಗೆ ಇದೇ ಕಾರಣ.

ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್, ಇಎಸ್‌ಪಿ ಮೂರೂ ಬೇರೆ ಬೇರೆ ಯಂತ್ರಗಳಾ?

ಅಲ್ಲ. ಬಾನೆಟ್ ಎತ್ತಿ ನೋಡಿ, ಸಣ್ಣ ಬ್ರೇಕ್ ಪೈಪುಗಳೆಲ್ಲ ಹೋಗಿ ಸೇರುವ ಒಂದು ಅಲ್ಯೂಮಿನಿಯಂ ಡಬ್ಬಿ ಇರುತ್ತದೆ. ಅದರ ಒಂದು ಬದಿಗೆ ಮೋಟಾರು, ಇನ್ನೊಂದು ಬದಿಗೆ ಕಂಪ್ಯೂಟರ್. ಮೂರೂ ಕೆಲಸ ಮಾಡುವುದು ಆ ಡಬ್ಬಿಯೇ.

ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದು ಎಬಿಎಸ್. ಆಕ್ಸಿಲರೇಟರ್ ಕೊಟ್ಟಾಗ ಚಕ್ರ ನಿಂತಲ್ಲೇ ಸುತ್ತದಂತೆ ತಡೆಯುವುದು ಟ್ರ್ಯಾಕ್ಷನ್ ಕಂಟ್ರೋಲ್. ನೀವು ಸ್ಟೇರಿಂಗ್ ತಿರುಗಿಸಿದಷ್ಟು ಗಾಡಿ ನಿಜವಾಗಿ ತಿರುಗುತ್ತಿದೆಯಾ ಅಂತ ಲೆಕ್ಕ ಹಾಕಿ, ತಾಳೆ ಆಗದಿದ್ದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಸರಿಮಾಡುವುದು ಇಎಸ್‌ಪಿ. ಬೇಕಾದರೆ ಇಂಜಿನ್ ಪವರನ್ನೂ ಇಳಿಸುತ್ತದೆ.

ಎಬಿಎಸ್ ಮಾತ್ರ ಇರುವ ಡಬ್ಬಿಯಲ್ಲಿ ಸಾಮಾನ್ಯವಾಗಿ 8 ವಾಲ್ವ್ ಇರುತ್ತವೆ, ಚಕ್ರಕ್ಕೆ ಎರಡರಂತೆ. ಇಎಸ್‌ಪಿ ಡಬ್ಬಿಯಲ್ಲಿ 12. ಆ ಹೆಚ್ಚುವರಿ ನಾಲ್ಕು ವಾಲ್ವ್ ಇರುವುದರಿಂದಲೇ ಪೆಡಲ್ ಮುಟ್ಟದೆ ಪಂಪು ತಾನೇ ಪ್ರೆಷರ್ ಕಟ್ಟಿ ಬೇಕಾದ ಚಕ್ರಕ್ಕೆ ಕಳಿಸಬಲ್ಲದು. ಆ ಪ್ರೆಷರ್ 100 ಬಾರ್ ದಾಟಬಹುದು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಹತ್ತಿರ ಬೆರಳಿಡುವವರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು.

ನನ್ನ ಗಾಡಿಯಲ್ಲಿ ಇದೆಯೋ ಇಲ್ಲವೋ?

ಕೀ ಆನ್ ಮಾಡಿದ ತಕ್ಷಣ ಮೀಟರಿನಲ್ಲಿ ಕಾರಿನ ಹಿಂದೆ ಎರಡು ಅಂಕುಡೊಂಕು ಗೆರೆ ಇರುವ ಚಿತ್ರ ಹೊತ್ತಿ ಆರಿದರೆ ಇದೆ. ಹೆಸರು ಮಾತ್ರ ಕಂಪನಿಗೊಂದು. ಮಾರುತಿಯವರು ಇಎಸ್‌ಪಿ ಅನ್ನುತ್ತಾರೆ, ಹ್ಯುಂಡೈ ಮತ್ತು ಕಿಯಾದವರು ಇಎಸ್‌ಸಿ, ಟೊಯೊಟಾದವರು ವಿಎಸ್‌ಸಿ, ಹೋಂಡಾದವರು ವಿಎಸ್‌ಎ, ಬಿಎಂಡಬ್ಲ್ಯೂನವರು ಡಿಎಸ್‌ಸಿ. ಕೆಲಸ ಒಂದೇ.

ನಮ್ಮಲ್ಲಿ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದ್ದು 2019ರಲ್ಲಿ. 2023ರ ಅಕ್ಟೋಬರ್‌ನಲ್ಲಿ ಶುರುವಾದ, ಕಾರಿನ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 3 ಸ್ಟಾರ್ ಅಥವಾ ಅದಕ್ಕಿಂತ ಜಾಸ್ತಿ ಬೇಕೆಂದರೆ ಇಎಸ್‌ಸಿ ಇರಲೇಬೇಕು. ಹಾಗಾಗಿ ಈಗ ಸಣ್ಣ ಹ್ಯಾಚ್‌ಬ್ಯಾಕುಗಳಲ್ಲೂ ಬರುತ್ತಿದೆ. ದೊಡ್ಡ ಜರ್ಮನ್ ಗಾಡಿಯವರ ತಲೆನೋವು ಅಂದುಕೊಂಡಿದ್ದ ಕೆಲಸ ಈಗ ತಾಲ್ಲೂಕಿನ ಗ್ಯಾರೇಜಿಗೂ ಬಂದಿದೆ.

ಲೈಟ್ ಪಿಳಿಪಿಳಿ ಅನ್ನುವುದಕ್ಕೂ ಉರಿದೇ ಇರುವುದಕ್ಕೂ ಏನು ವ್ಯತ್ಯಾಸ?

ಪಿಳಿಪಿಳಿ ಅಂದರೆ ಆ ಕ್ಷಣಕ್ಕೆ ಕೆಲಸ ಮಾಡುತ್ತಿದೆ ಅಂತ. ಮಳೆಯಲ್ಲಿ ಏರು ಹತ್ತುವಾಗ ಹೀಗಾದರೆ ಗಾಬರಿ ಬೇಡ, ಕಾಲು ಸ್ವಲ್ಪ ಸಡಿಲ ಮಾಡಿ ಸಾಕು. ಉರಿದೇ ಇದ್ದರೆ ಎಲ್ಲೋ ದೋಷ ಇದೆ, ವ್ಯವಸ್ಥೆ ತನ್ನನ್ನು ತಾನು ಬಂದ್ ಮಾಡಿಕೊಂಡಿದೆ. ಅದೇ ಚಿತ್ರದ ಕೆಳಗೆ ಆಫ್ ಅಂತ ಬರೆದಿದ್ದರೆ ಯಾರೋ ಬಟನ್ ಒತ್ತಿದ್ದಾರೆ, ಅಷ್ಟೆ.

ಇಎಸ್‌ಪಿ, ಎಬಿಎಸ್ ಜೊತೆ ಕೆಂಪು ಬ್ರೇಕ್ ಲೈಟೂ ಬಂದರೆ ಮಾತ್ರ ಗಾಡಿ ಓಡಿಸಬೇಡಿ. ಬ್ರೇಕ್ ಆಯಿಲ್ ಕಮ್ಮಿ ಆಗಿರಬಹುದು, ಇಲ್ಲವೇ ಹಿಂದಿನ ಮತ್ತು ಮುಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ಕೆಲಸವೂ ನಿಂತಿರಬಹುದು. ಆಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ತಿರುಗಿ ನಿಲ್ಲುತ್ತದೆ.

ಲಿಫ್ಟ್ ಮೇಲೆ ಗೇರ್ ಹಾಕಿ ಚಕ್ರ ಸುತ್ತಿಸಿ ಸದ್ದು ಕೇಳಬಹುದಾ?

ಬೇರಿಂಗ್ ಗುಂಯ್ ಅನ್ನುತ್ತಿದೆ, ಆಕ್ಸಲ್ ಕಟಕಟ ಅನ್ನುತ್ತಿದೆ ಅಂತ ಎಲ್ಲರೂ ಮಾಡುವ ಕೆಲಸ ಇದು. ಆಗ ಏನಾಗುತ್ತದೆ ನೋಡಿ. ಮುಂದಿನ ಎರಡು ಚಕ್ರ 40ರ ಸ್ಪೀಡಿನಲ್ಲಿ ತಿರುಗುತ್ತಿವೆ, ಹಿಂದಿನವು ಅಲ್ಲಾಡುತ್ತಿಲ್ಲ. ಮುಂದಿನ ಚಕ್ರ ಕೆಸರಿನಲ್ಲಿ ಜಾರುತ್ತಿದೆ ಅಂತ ಕಂಪ್ಯೂಟರ್ ತಿಳಿದುಕೊಳ್ಳುತ್ತದೆ. ಇಂಜಿನ್ ಪವರ್ ಕಡಿಮೆ ಮಾಡುತ್ತದೆ, ಮುಂದಿನ ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತದೆ. ಸ್ವಲ್ಪ ಹೊತ್ತು ಹಾಗೇ ನಡೆದರೆ ಚಕ್ರದ ಸ್ಪೀಡ್ ಅಳೆಯುವ ಸೆನ್ಸರ್ ಕೆಟ್ಟಿದೆ ಅಂತ ಒಂದು ದೋಷದ ಕೋಡ್ ಬರೆದಿಡುತ್ತದೆ. ಬೇರಿಂಗ್ ಸದ್ದಿಗೆ ಬಂದ ಗಾಡಿ ಇಎಸ್‌ಪಿ ಲೈಟ್ ಹೊತ್ತಿಸಿಕೊಂಡು ಹೊರಗೆ ಹೋಗುತ್ತದೆ. ಮಾಲೀಕರ ಜೊತೆ ಜಗಳ ಗ್ಯಾರಂಟಿ.

ಸುತ್ತಿಸಲೇಬೇಕಾದರೆ ಮೊದಲು ಇಎಸ್‌ಪಿ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಆದರೆ ಎಷ್ಟೋ ಗಾಡಿಗಳಲ್ಲಿ ಆ ಬಟನ್ ಪೂರ್ತಿ ಬಂದ್ ಮಾಡುವುದಿಲ್ಲ. ಕೆಲವದರಲ್ಲಿ ಸ್ಪೀಡು ಏರಿದ ಮೇಲೆ ತಾನಾಗಿ ಮತ್ತೆ ಆನ್ ಆಗುತ್ತದೆ. ಕಂಪನಿಯ ಸರ್ವಿಸ್ ಪುಸ್ತಕದಲ್ಲಿ ಪರೀಕ್ಷೆಗೆಂದೇ ಒಂದು ಮೋಡ್ ಹೇಳಿದ್ದರೆ ಅದನ್ನೇ ಹಾಕಿ. ಆಗಲೂ ಆಕ್ಸಿಲರೇಟರ್ ಮುಟ್ಟಬೇಡಿ, ಐಡಲ್‌ನಲ್ಲೇ ಕೇಳಿ. ಯಾರ ಕೈಯೂ ಚಕ್ರದ ಹತ್ತಿರ ಇರಬಾರದು. ಸಾಧ್ಯವಾದರೆ ಕೀ ತೆಗೆದು ಕೈಯಲ್ಲಿ ಚಕ್ರ ತಿರುಗಿಸಿ, ಸ್ಪ್ರಿಂಗ್ ಮೇಲೆ ಬೆರಳಿಟ್ಟು ನೋಡಿ. ಕೆಟ್ಟ ಬೇರಿಂಗಿನ ಅದುರು ಅಲ್ಲೇ ತಿಳಿಯುತ್ತದೆ.

ಫೋರ್ ವೀಲ್ ಡ್ರೈವ್ ಗಾಡಿಯ ಮಾತು ಬೇರೆ. ಒಂದು ಕಡೆ ಮಾತ್ರ ಜಾಕಿ ಹಾಕಿ ಇಂಜಿನ್‌ನಿಂದ ಚಕ್ರ ಸುತ್ತಿಸಲೇಬೇಡಿ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕ್ ಹಿಡಿದರೆ ಪವರೆಲ್ಲ ನೆಲದ ಮೇಲಿರುವ ಚಕ್ರಕ್ಕೆ ಹೋಗುತ್ತದೆ, ಗಾಡಿ ಸ್ಟ್ಯಾಂಡಿನಿಂದ ಹಾರಿ ಮುಂದೆ ಬರುತ್ತದೆ. ಇದರಲ್ಲಿ ಜೀವ ಹೋಗಬಹುದು.

ಬ್ರೇಕ್ ಪರೀಕ್ಷೆಯ ರೋಲರ್ ಮೇಲೆ ಹತ್ತಿಸುವಾಗ?

ಅದೇ ಸಮಸ್ಯೆ. ರೋಲರ್ ಮೇಲೆ ಎರಡೇ ಚಕ್ರ ತಿರುಗುತ್ತವೆ. ಇಎಸ್‌ಪಿ ಆಫ್ ಮಾಡಿ, ರೋಲರ್ ನಿಧಾನಕ್ಕೆ ತಿರುಗುವಂತಿರಲಿ. ಫೋರ್ ವೀಲ್ ಡ್ರೈವ್ ಗಾಡಿಗೆ ಪುಸ್ತಕ ನೋಡದೆ ಹತ್ತಿಸಬೇಡಿ.

ಪ್ಯಾಡ್ ಬದಲಿಸುವುದಕ್ಕೂ ಇಷ್ಟೊಂದು ಯೋಚನೆ ಬೇಕಾ?

ಮುಂದಿನ ಪ್ಯಾಡ್ ಆದರೆ ಎರಡು ವಿಷಯ ನೆನಪಿದ್ದರೆ ಸಾಕು. ಒಂದು, ಕೀ ಆಫ್ ಆಗಿರಬೇಕು. ಸ್ಮಾರ್ಟ್ ಕೀ ಜೇಬಿನಲ್ಲಿ ಇಟ್ಟುಕೊಂಡು ಚಕ್ರದ ಪಕ್ಕ ಕೂರಬೇಡಿ, ದೂರದ ಟೇಬಲ್ ಮೇಲಿಡಿ. ಪಂಪಿಗೆ ಕರೆಂಟ್ ಇದ್ದಾಗ ಕ್ಯಾಲಿಪರ್ ತೆಗೆದಿದ್ದರೆ ಪಿಸ್ಟನ್ ಹೊರಗೆ ಬೀಳಬಹುದು, ನಡುವೆ ಬೆರಳಿದ್ದರೆ ಬೆರಳೂ ಉಳಿಯುವುದಿಲ್ಲ. ಕೆಲವು ಹೈಬ್ರಿಡ್ ಗಾಡಿಗಳಲ್ಲಿ ಡ್ರೈವರ್ ಬಾಗಿಲು ತೆಗೆದರೂ ಸಾಕು, ಬ್ರೇಕ್ ಪಂಪು ಜುಂಯ್ ಅಂತ ಎದ್ದುಬಿಡುತ್ತದೆ. ಕ್ಯಾಸೆಟ್ ಹಾಡು ಹಾಕಲು ಹುಡುಗ ಬಾಗಿಲು ತೆಗೆಯುವ ಕಾಲ ಮುಗಿಯಿತು ಅಂದುಕೊಳ್ಳಿ. ಅಂಥ ಗಾಡಿಗೆ ಸ್ಕ್ಯಾನರಿನಿಂದ (ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುವ ಸಾಧನ) ಬ್ರೇಕ್ ನಿಷ್ಕ್ರಿಯ ಮಾಡಿಯೇ ಕೈ ಹಾಕಬೇಕು.

ಎರಡು, ಪಿಸ್ಟನ್ ಹಿಂದಕ್ಕೆ ಒತ್ತುವಾಗ ಕ್ಯಾಲಿಪರಿನಲ್ಲಿ ವರ್ಷಗಟ್ಟಲೆ ಕೂತ ಕಪ್ಪು ಆಯಿಲ್ ವಾಪಸ್ ಮೇಲಕ್ಕೆ ಹೋಗುತ್ತದೆ. ಮೊದಲು ಸಿಗುವುದೇ ಆ ವಾಲ್ವ್ ಡಬ್ಬಿ. ಅದರೊಳಗಿನ ತೂತುಗಳು ಬಹಳ ಸಣ್ಣವು. ಹಾಗಾಗಿ ಕ್ಯಾಲಿಪರಿನಿಂದ ಆಯಿಲ್, ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್‌ಗೆ ಪೈಪ್ ಹಾಕಿ, ನಿಪ್ಪಲ್ ಸಡಿಲಿಸಿ, ಆ ಕೊಳೆ ಆಯಿಲನ್ನು ಬಾಟಲಿಗೆ ಬಿಟ್ಟುಕೊಂಡೇ ಪಿಸ್ಟನ್ ಒತ್ತಿ. ಪಿಸ್ಟನ್ ನಿಂತ ತಕ್ಷಣ ನಿಪ್ಪಲ್ ಬಿಗಿ ಮಾಡಿ. ಆಮೇಲೆ ಬ್ರೇಕ್ ಆಯಿಲ್ ತುಂಬುವ ಮೇಲಿನ ಡಬ್ಬಿಯ ಮಟ್ಟ ನೋಡಿ ಹೊಸ ಆಯಿಲ್ ಹಾಕಿ.

ಹಿಂದಿನ ಪ್ಯಾಡ್, ಅದರಲ್ಲೂ ಬಟನ್ ಹ್ಯಾಂಡ್‌ಬ್ರೇಕ್ ಇರುವ ಗಾಡಿ ಆದರೆ ಸರ್ವಿಸ್ ಮೋಡಿಗೆ ಹಾಕದೆ ಪಿಸ್ಟನ್ ಒತ್ತಬೇಡಿ. ಒಳಗಿನ ಮೋಟಾರು, ಗೇರು ಮುರಿಯುತ್ತವೆ. ಪ್ಯಾಡಿನ ಹತ್ತರಷ್ಟು ಖರ್ಚು ಮೈಮೇಲೆ ಬರುತ್ತದೆ.

ಕೆಲಸ ಮುಗಿದ ಮೇಲೆ ಕೀ ಆನ್ ಮಾಡುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ತುಳಿಯಿರಿ. ಮರೆತರೆ ಮೊದಲ ತುಳಿತಕ್ಕೆ ಬ್ರೇಕೇ ಇರುವುದಿಲ್ಲ, ಎದುರಿಗಿರುವ ಗೋಡೆಗೇ ಹೋಗುತ್ತದೆ ಗಾಡಿ.

ಬ್ರೇಕ್ ಆಯಿಲ್ ಯಾವುದು ಹಾಕಬೇಕು? ಎಲ್ಲಾ ಒಂದೇ ಅಲ್ವಾ?

ಅಲ್ಲ. ಮುಚ್ಚಳದ ಮೇಲೆ ಏನು ಬರೆದಿದೆಯೋ ಅದು. ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಒಂದೇ ಜಾತಿಯವು. ಡಾಟ್ 5 ಅನ್ನುವುದು ಮಾತ್ರ ಸಿಲಿಕಾನ್ ಆಯಿಲ್. 5ಕ್ಕೂ 5.1ಕ್ಕೂ ನಡುವೆ ಒಂದು ಚುಕ್ಕೆ ಅಷ್ಟೇ ವ್ಯತ್ಯಾಸ ಅಂದುಕೊಂಡು ಎಬಿಎಸ್ ಗಾಡಿಗೆ ಡಾಟ್ 5 ಹಾಕಿದರೆ ಕೆಟ್ಟಿತು. ಅದರಲ್ಲಿ ಸಣ್ಣ ಗಾಳಿಗುಳ್ಳೆಗಳು ಉಳಿದುಕೊಳ್ಳುತ್ತವೆ, ಪೆಡಲ್ ಸ್ಪಂಜಿನ ಹಾಗಾಗುತ್ತದೆ.

ಡಾಟ್ 3, 4, 5.1 ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 4ರ ನಿಯಮದಂತೆ ಹೊಸದು ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಅದು 205 ಮತ್ತು 140. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ತುಂಬಿದ ಗಾಡಿಯ ಮುಂದಿನ ಡಿಸ್ಕ್ ಎಷ್ಟು ಕಾಯುತ್ತದೆ ಅಂತ ಕೈ ಹತ್ತಿರ ತಂದವರಿಗೆ ಗೊತ್ತು. ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಆಗ ಇಎಸ್‌ಪಿ ಇದ್ದರೂ ಅದಕ್ಕೆ ಕೆಲಸ ಮಾಡಲು ಪ್ರೆಷರೇ ಸಿಗುವುದಿಲ್ಲ. ಕಂಪನಿ ಹೇಳಿದ ಗಡುವಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೆ, ಬದಲಿಸಿಬಿಡಿ. ಕರಾವಳಿ, ಮಲೆನಾಡಿನವರು ಗಡುವು ಮೀರಲೇಬೇಡಿ.

ಕೆಲವು ಹೊಸ ಗಾಡಿಗಳು ತೆಳು ಡಾಟ್ 4 ಕೇಳುತ್ತವೆ, ಬಾಟಲಿ ಮೇಲೆ ಕ್ಲಾಸ್ 6 ಅಂತ ಇರುತ್ತದೆ. ಇಎಸ್‌ಪಿ ಪಂಪು ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿಲ್ ಎಳೆದು ತಳ್ಳಬೇಕಲ್ಲ, ಅದಕ್ಕೆ ತೆಳು ಬೇಕು. ಒಡೆದಿಟ್ಟ ಅರ್ಧ ಬಾಟಲಿ ಷೆಲ್ಫಿನಲ್ಲಿ ಆರು ತಿಂಗಳು ಇದ್ದರೆ ಅದನ್ನು ಯಾರ ಗಾಡಿಗೂ ಹಾಕಬೇಡಿ. ಇಂಜಿನ್ ಆಯಿಲ್, ಪವರ್ ಸ್ಟೇರಿಂಗ್ ಆಯಿಲ್ ಒಂದು ತೊಟ್ಟು ಸೇರಿದರೂ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ. ಲಾಳಿಕೆಯನ್ನೂ ಬೇರೆಯದೇ ಇಟ್ಟುಕೊಳ್ಳಿ. ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಒರೆಸಿದರೆ ಸಾಲದು.

ಬ್ರೇಕ್ ಪೈಪಿನೊಳಗಿನ ಏರ್ ತೆಗೆಯಲು ಸ್ಕ್ಯಾನರ್ ಬೇಕೇ ಬೇಕಾ?

ಎಲ್ಲಾ ಸಲ ಬೇಡ. ಕ್ಯಾಲಿಪರ್, ಹೋಸ್ ಬದಲಿಸಿದ್ದರೆ ಇಬ್ಬರು ಸೇರಿ ಪೆಡಲ್ ತುಳಿದು ಏರ್ ತೆಗೆಯುವ ಹಳೇ ವಿಧಾನವೇ ಸಾಕಾಗುತ್ತದೆ. ಆದರೆ ಮೇಲಿನ ಡಬ್ಬಿ ಖಾಲಿ ಆಗಲು ಬಿಟ್ಟಿರೋ, ಗಾಳಿ ವಾಲ್ವ್ ಡಬ್ಬಿಯೊಳಗೆ ಹೊಕ್ಕಿತು. ಅಲ್ಲಿನ ಕೆಲವು ವಾಲ್ವುಗಳು ಮಾಮೂಲಿ ಸಮಯದಲ್ಲಿ ಮುಚ್ಚಿರುತ್ತವೆ, ಎಷ್ಟು ತುಳಿದರೂ ಒಳಗಿನ ಗಾಳಿ ಹೊರಗೆ ಬರುವುದಿಲ್ಲ. ಸ್ಕ್ಯಾನರ್ ಹಾಕಿ ಪಂಪು, ವಾಲ್ವು ಓಡಿಸಿಕೊಂಡೇ ತೆಗೆಯಬೇಕು. ಡಬ್ಬಿಯನ್ನೇ ಬದಲಿಸಿದಾಗಲೂ ಹಾಗೆಯೇ.

ಇದರಲ್ಲಿ ಒಂದು ಮೋಸದ ಲಕ್ಷಣ ಇದೆ. ಏರ್ ತೆಗೆದ ಮೇಲೆ ಪೆಡಲ್ ಗಟ್ಟಿಯಾಗಿ ಚೆನ್ನಾಗೇ ಇರುತ್ತದೆ. ಗಾಡಿ ಹೊರಗೆ ಹೋಗಿ ಮೊದಲ ಸಲ ಎಬಿಎಸ್ ಕೆಲಸ ಮಾಡಿದಾಗ ವಾಲ್ವ್ ತೆರೆದು, ಅಡಗಿದ್ದ ಗಾಳಿ ಹೊರಬಂದು ಪೆಡಲ್ ದಿಢೀರ್ ಕೆಳಗೆ ಇಳಿಯುತ್ತದೆ. ಅದಕ್ಕೇ ಮೇಲಿನ ಡಬ್ಬಿಯ ಮೇಲೆ ಒಂದು ಕಣ್ಣು ಇಟ್ಟಿರಲೇಬೇಕು. ಹುಡುಗನೊಬ್ಬನಿಗೆ ಅದೊಂದೇ ಕೆಲಸ ಕೊಟ್ಟರೂ ತಪ್ಪಿಲ್ಲ.

ಬೇರಿಂಗ್ ಬದಲಿಸಿದ ಮೇಲೆ ಲೈಟ್ ಬಂತು, ಸೆನ್ಸರ್ ಹೋಯಿತಾ?

ಸೆನ್ಸರ್ ಆರ್ಡರ್ ಮಾಡುವ ಮೊದಲು ಬೇರಿಂಗ್ ಯಾವ ಬದಿಗೆ ಕೂತಿದೆ ನೋಡಿ. ಈಗಿನ ಬಹಳಷ್ಟು ಗಾಡಿಗಳಲ್ಲಿ ಸೆನ್ಸರ್ ಎಣಿಸಲು ಹಲ್ಲಿರುವ ರಿಂಗ್ ಇರುವುದಿಲ್ಲ. ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಸಣ್ಣ ಸಣ್ಣ ಅಯಸ್ಕಾಂತಗಳ ಪಟ್ಟಿ ಇರುತ್ತದೆ. ಆ ಬದಿ ಸೆನ್ಸರ್ ಕಡೆಗೆ ಇರಬೇಕು. ಎರಡೂ ಬದಿ ನೋಡಲು ಹೆಚ್ಚು ಕಡಿಮೆ ಒಂದೇ ಥರ, ಒಂದು ಸ್ವಲ್ಪ ಕಂದು ಅಥವಾ ಕಪ್ಪು, ಅಷ್ಟೆ. ತಿರುಗುಮುರುಗಾಗಿ ಪ್ರೆಸ್ ಮಾಡಿದರೆ ಚಕ್ರ ಚೆನ್ನಾಗಿ ತಿರುಗುತ್ತದೆ, ಸಿಗ್ನಲ್ ಮಾತ್ರ ಸೊನ್ನೆ.

ಕಂಡುಹಿಡಿಯುವುದು ಸುಲಭ. ಸಣ್ಣ ಪೇಪರ್ ಕ್ಲಿಪ್ ಒಂದನ್ನು ಸೀಲಿನ ಹತ್ತಿರ ಹಿಡಿಯಿರಿ. ಅಯಸ್ಕಾಂತದ ಬದಿಗೆ ಅದು ಮೆಲ್ಲಗೆ ಅಂಟುತ್ತದೆ. ಇದನ್ನು ಪ್ರೆಸ್ಸಿಗೆ ಹಾಕುವ ಮೊದಲೇ ಮಾಡಿದರೆ ಒಂದು ಬೇರಿಂಗ್ ಉಳಿಯಿತು. ಆ ಪಟ್ಟಿಯ ಮೇಲೆ ಸುತ್ತಿಗೆ ಬೀಳಬಾರದು, ಹೊಸ ಬೇರಿಂಗನ್ನು ಸ್ಪೀಕರ್ ಅಥವಾ ಅಯಸ್ಕಾಂತದ ತಟ್ಟೆಯ ಪಕ್ಕ ಇಡಬಾರದು. ಸೆನ್ಸರ್ ತುಕ್ಕಿಗೆ ಕಚ್ಚಿಕೊಂಡಿದ್ದರೆ ಇಕ್ಕಳದಲ್ಲಿ ತಿರುಚಬೇಡಿ, ತಲೆ ಮುರಿದು ಒಳಗೇ ಉಳಿಯುತ್ತದೆ. ಆಯಿಲ್ ಸ್ಪ್ರೇ ಹೊಡೆದು ಕಾಯಿರಿ.

ಸೆನ್ಸರನ್ನು ಮಲ್ಟಿಮೀಟರಿನಲ್ಲಿ ಓಮ್ ನೋಡಿ ಪರೀಕ್ಷೆ ಮಾಡಬಹುದಾ?

ಹಳೇ ಜಾತಿಯ ಸೆನ್ಸರಿಗೆ ಸರಿ. ಅದರೊಳಗೆ ಇರುವುದು ಬರೀ ತಂತಿಯ ಸುರುಳಿ, ಸುಮಾರು 1000 ಓಮ್ ಆಸುಪಾಸು ತೋರಿಸುತ್ತದೆ, ಚಕ್ರ ತಿರುಗಿಸಿದರೆ ಎಸಿ ವೋಲ್ಟ್ ಬರುತ್ತದೆ. ಈಗಿನವುಗಳ ಒಳಗೆ ಎಲೆಕ್ಟ್ರಾನಿಕ್ ಚಿಪ್ ಇದೆ. ಅದಕ್ಕೂ ಎರಡೇ ವೈರ್, ನೋಡಿದರೆ ಗೊತ್ತಾಗುವುದಿಲ್ಲ. ಓಮ್ ಪರೀಕ್ಷೆಯಿಂದ ಅಲ್ಲಿ ಏನೂ ತಿಳಿಯುವುದಿಲ್ಲ, ಚಿಪ್ ಹಾಳಾಗಲೂಬಹುದು. ಅದು ಕರೆಂಟನ್ನು 7 ಮತ್ತು 14 ಮಿಲಿ ಆಂಪಿಯರ್ ನಡುವೆ ಏರಿಳಿಸಿ ಸುದ್ದಿ ಹೇಳುತ್ತದೆ.

ಒಳ್ಳೇ ದಾರಿ ಅಂದರೆ ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರದ ಸ್ಪೀಡ್ ಒಟ್ಟಿಗೆ ಇಟ್ಟು ನಿಧಾನಕ್ಕೆ ಓಡಿಸುವುದು. ಓಡಿಸುವವರೇ ಸ್ಕ್ಯಾನರ್ ನೋಡಬೇಡಿ, ಪಕ್ಕದಲ್ಲಿ ಒಬ್ಬರು ಕೂರಲಿ. ಮೂರು ಚಕ್ರ 20 ತೋರಿಸಿ ಒಂದು ಹಾರುತ್ತಾ ಇದ್ದರೆ ಅದೇ. ಬಲ್ಬ್ ಹಾಕಿದ ಟೆಸ್ಟರನ್ನು ಈ ವೈರುಗಳಿಗೆ ಚುಚ್ಚುವ ಅಭ್ಯಾಸ ಬಿಡಿ. ಬಲ್ಬ್ ಎಳೆಯುವ ಕರೆಂಟಿಗೆ ಕಂಪ್ಯೂಟರಿನ ಒಳಭಾಗ ಸುಟ್ಟ ಗಾಡಿಗಳು ಉಂಟು.

ನನ್ನ ಹತ್ತಿರ ಬ್ಲೂಟೂತ್ ಸ್ಕ್ಯಾನರ್ ಇದೆ, ಅದರಲ್ಲಿ ಕೋಡ್ ಕಾಣಲ್ಲ. ಅಂದರೆ ಗಾಡಿ ಸರಿ ಇದೆಯಾ?

ಇಲ್ಲ. ಅಂಥ ಅಗ್ಗದ ಸ್ಕ್ಯಾನರುಗಳು ಬಹುತೇಕ ಇಂಜಿನ್ ಕೋಡ್ ಮಾತ್ರ ಓದುತ್ತವೆ, ಪಿ ಅಕ್ಷರದಿಂದ ಶುರುವಾಗುವವು. ಬ್ರೇಕಿನವು ಸಿ ಅಕ್ಷರದವು. ಅದನ್ನು ಓದುವ ಸಾಧನವೇ ಬೇಕು.

ಇಂಜಿನ್ ಲೈಟೂ ಇಎಸ್‌ಪಿ ಲೈಟೂ ಒಟ್ಟಿಗೆ ಬಂದಿವೆ. ಬ್ರೇಕ್ ಬಿಚ್ಚಲಾ?

ಬಿಚ್ಚಬೇಡಿ, ಮೊದಲು ಇಂಜಿನ್ ನೋಡಿ. ಚಕ್ರ ಜಾರಿದಾಗ ಪವರ್ ಇಳಿಸು ಅಂತ ಇಎಸ್‌ಪಿ ಇಂಜಿನ್ ಕಂಪ್ಯೂಟರಿಗೆ ಹೇಳುತ್ತದೆ. ಇಂಜಿನ್ನೇ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಥ್ರಾಟಲ್ ಕೈಕೊಟ್ಟಿದ್ದರೆ ಆ ಮಾತು ನಡೆಯುವುದಿಲ್ಲ. ಹಾಗಾಗಿ ಇಎಸ್‌ಪಿ ತಾನೂ ಹಿಂದೆ ಸರಿದು ಲೈಟ್ ಹಾಕುತ್ತದೆ. ಒಂದು ಇಗ್ನಿಷನ್ ಕಾಯಿಲ್ ಬದಲಿಸಿದ ಕೂಡಲೇ ಎರಡೂ ಲೈಟ್ ಹೋಗುವುದುಂಟು.

ಇನ್ನೊಂದು ಅಗ್ಗದ ಅಪರಾಧಿ ಬ್ರೇಕ್ ಪೆಡಲ್ ಮೇಲಿನ ಸ್ವಿಚ್. ಹಿಂದಿನ ಬ್ರೇಕ್ ಲೈಟ್ ಹೊತ್ತಿಸುವ ಅದೇ ಸ್ವಿಚ್ಚಿನಿಂದ ಡ್ರೈವರ್ ಬ್ರೇಕ್ ತುಳಿದಿದ್ದಾರೋ ಇಲ್ಲವೋ ಅಂತ ಇಎಸ್‌ಪಿ ತಿಳಿದುಕೊಳ್ಳುತ್ತದೆ. ಸ್ವಿಚ್ ಸವೆದಿದ್ದರೆ, ಅಳತೆ ತಪ್ಪಿದ್ದರೆ, ಕೆಲವು ಗಾಡಿಗಳಲ್ಲಿ ಹಿಂದೆ ಸಿಕ್ಕ ಸಿಕ್ಕ ಎಲ್‌ಇಡಿ ಬಲ್ಬ್ ಹಾಕಿಸಿದ್ದರೂ ಲೈಟ್ ಬರುತ್ತದೆ. ದೊಡ್ಡ ಡಬ್ಬಿಗೆ ಕೈ ಹಾಕುವ ಮೊದಲು ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಲೈಟ್ ಸರಿಯಾಗಿ ಹೊತ್ತಿ ಆರುತ್ತದಾ ನೋಡಿ.

ಅಲೈನ್‌ಮೆಂಟ್ ಮಾಡಿಸಿದ ಮೇಲೆ ಲೈಟ್ ಬಂತು. ಏಕೆ?

ಸ್ಟೇರಿಂಗ್ ಸೊಟ್ಟಗೆ ನಿಂತಿತ್ತು, ಸ್ಟೇರಿಂಗ್ ಚಕ್ರ ಬಿಚ್ಚಿ ಒಂದು ಹಲ್ಲು ಮುಂದಕ್ಕೆ ಕೂರಿಸಿಕೊಟ್ಟರು, ನೋಡಲು ನೆಟ್ಟಗಾಯಿತು. ಹೀಗಾಗಿದೆಯಾ ಅಂತ ಅಲೈನ್‌ಮೆಂಟ್ ಅಂಗಡಿಯವರನ್ನು ವಿಚಾರಿಸಿ. ಸ್ಟೇರಿಂಗ್ ಕಂಬದಲ್ಲಿ ಕೋನ ಅಳೆಯುವ ಸೆನ್ಸರ್ ಇದೆ. ಸ್ಟೇರಿಂಗ್ ಚಕ್ರ ಬಿಚ್ಚಿ ಕೂರಿಸಿದರೂ ಅದರ ಲೆಕ್ಕದಲ್ಲಿ ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಇನ್ನೂ ವಾರೆಯೇ. ಡ್ರೈವರ್ ಬಲಕ್ಕೆ ತಿರುಗಿಸಿದ್ದಾರೆ, ಗಾಡಿ ಮಾತ್ರ ತಿರುಗುತ್ತಿಲ್ಲ ಅಂತ ಕಂಪ್ಯೂಟರಿಗೆ ಅನ್ನಿಸುತ್ತದೆ. ಅದು ಸುಮ್ನೆ ಲೈಟ್ ಹಾಕಿಕೊಂಡು ಬಂದ್ ಆದರೆ ನಿಮ್ಮ ಪುಣ್ಯ. ವ್ಯತ್ಯಾಸ ಸಣ್ಣದಿದ್ದು ಅದು ಗಮನಿಸದೆ ಹೋದರೆ ತಿರುವಿನಲ್ಲಿ ಬೇಡದ ಕಡೆ ಬ್ರೇಕ್ ಚುಚ್ಚಬಹುದು.

ಸ್ಟೇರಿಂಗ್ ನೆಟ್ಟಗೆ ಮಾಡಬೇಕಾದ್ದು ಎರಡೂ ಬದಿಯ ಟೈ ರಾಡಿನಲ್ಲಿ (ಸ್ಟೇರಿಂಗಿನಿಂದ ಮುಂದಿನ ಚಕ್ರಕ್ಕೆ ಹೋಗುವ ಸರಳು). ಅದಾದ ಮೇಲೆ ಸ್ಕ್ಯಾನರಿನಲ್ಲಿ ಸ್ಟೇರಿಂಗ್ ಸೆನ್ಸರಿಗೆ ಸೊನ್ನೆ ಎಲ್ಲಿದೆ ಅಂತ ಕಲಿಸಬೇಕು. ಕೆಲವು ಗಾಡಿ ನೇರ ರಸ್ತೆಯಲ್ಲಿ ಓಡಿಸಿದರೆ ತಾನೇ ಕಲಿಯುತ್ತದೆ, ಕೆಲವಕ್ಕೆ ಕಲಿಸಲೇಬೇಕು. ಸ್ಟೇರಿಂಗ್ ಚಕ್ರ ಬಿಚ್ಚಲೇಬೇಕಾದರೆ ಅಲ್ಲಿ ಏರ್‌ಬ್ಯಾಗ್ ಇದೆ. ಬ್ಯಾಟರಿ ತೆಗೆದು, ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾದು ಆಮೇಲೆ ಪಾನಾ ಹಿಡಿಯಿರಿ.

ಬ್ಯಾಟರಿ ತೆಗೆದು ಹಾಕಿದ್ದಕ್ಕೇ ಇಎಸ್‌ಪಿ ಲೈಟ್ ಬಂದಿದೆ.

ಬಹಳ ಗಾಡಿಗಳಲ್ಲಿ ಮಾಮೂಲಿ. ಇಂಜಿನ್ ಸ್ಟಾರ್ಟ್ ಮಾಡಿ ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಸ್ವಲ್ಪ ದೂರ ನೇರ ಓಡಿಸಿ. ಹೋಗದಿದ್ದರೆ ಸ್ಕ್ಯಾನರ್. ಬ್ಯಾಟರಿ ಸೋತಿದ್ದರೂ ಸ್ಟಾರ್ಟ್ ಮಾಡುವಾಗ ವೋಲ್ಟ್ ಬಿದ್ದು ಲೈಟ್ ಬರುತ್ತದೆ.

ಹ್ಯಾಂಡ್‌ಬ್ರೇಕ್ ಪಕ್ಕದ ಕನ್ಸೋಲ್ ಬಿಚ್ಚಿದಾಗ ಒಂದು ಸಣ್ಣ ಕಪ್ಪು ಡಬ್ಬಿ ಸಿಕ್ಕಿತು. ಏನದು?

ಗಾಡಿ ಎಷ್ಟು ತಿರುಗುತ್ತಿದೆ, ಪಕ್ಕಕ್ಕೆ ಎಷ್ಟು ಎಳೆಯುತ್ತಿದೆ ಅಂತ ಅಳೆಯುವ ಸೆನ್ಸರ್ ಇರಬಹುದು, ಏರ್‌ಬ್ಯಾಗ್ ಕಂಪ್ಯೂಟರ್ ಇರಬಹುದು, ಎರಡೂ ಒಂದರಲ್ಲೇ ಇರಬಹುದು. ಕೀ ಆನ್ ಇದ್ದಾಗ ಅದನ್ನು ಮುಟ್ಟಬೇಡಿ. ಮೇಲೆ ಬಾಣದ ಗುರುತಿದ್ದರೆ ಅದು ಮೊದಲು ಯಾವ ಕಡೆ ಇತ್ತೋ ಅದೇ ಕಡೆ ಇರಬೇಕು. ಇಂಪ್ಯಾಕ್ಟ್ ಗನ್ ಹಾಕದೆ ಕೈಯಿಂದಲೇ ಬಿಗಿ ಮಾಡಿ. ನೆಲಕ್ಕೆ ಬಿದ್ದಿದ್ದನ್ನು ಮತ್ತೆ ಹಾಕುವುದು ಬೇಡ. ಬದಲಿಸಿದ ಮೇಲೆ ಸಮತಟ್ಟು ಜಾಗದಲ್ಲಿ ಗಾಡಿ ಅಲ್ಲಾಡದಂತೆ ನಿಲ್ಲಿಸಿ ಕ್ಯಾಲಿಬ್ರೇಟ್ ಮಾಡಬೇಕು. ಗ್ಯಾರೇಜಿನ ಅಂಗಳ ಇಳಿಜಾರಾಗಿದ್ದರೆ ಆ ಇಳಿಜಾರನ್ನೇ ಸೊನ್ನೆ ಅಂತ ಕಲಿತುಬಿಡುತ್ತದೆ. ಕಪ್ ಹೋಲ್ಡರಿನಲ್ಲಿ ಚೆಲ್ಲಿದ ಕಾಫಿ ಇಳಿಯುವುದೂ ಇಲ್ಲಿಗೇ.

ಎರಡೇ ಟೈರ್ ಹೊಸದು ಹಾಕಿಸಿದರೆ ತೊಂದರೆನಾ?

ಒಂದೇ ಸೈಜಿನ ಜೋಡಿ ಆದರೆ ತೊಂದರೆಯಿಲ್ಲ, ಹೊಸದನ್ನು ಹಿಂದೆ ಹಾಕಿಸಿ. ಸೈಜೇ ಬೇರೆ ಆದರೆ ಸುತ್ತಳತೆ ಬೇರೆ, ಒಂದು ಚಕ್ರ ಯಾವಾಗಲೂ ಜೋರಾಗಿ ತಿರುಗುತ್ತಿದೆ ಅಂತ ಇಎಸ್‌ಪಿಗೆ ಕಾಣುತ್ತದೆ. ಸಣ್ಣ ಸ್ಟೆಪ್ನಿ ಹಾಕಿದ್ದರೂ ಅದೇ ಕತೆ. ಅದರ ಮೇಲೆ ಬರೆದ ಸ್ಪೀಡ್ ಮೀರಬೇಡಿ, ಪಂಕ್ಚರ್ ಹಾಕಿಸಿ ಬೇಗ ತೆಗೆಯಿರಿ.

ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಗಾಡಿಗೆ ಈ ಲೈಟ್ ಬರುತ್ತಲೇ ಇರುತ್ತದೆ.

ವೈರ್ ನೋಡಿ. ಸೆನ್ಸರ್ ವೈರ್ ಚಕ್ರದ ಜೊತೆ ಮೇಲೆ ಕೆಳಗೆ, ಆಚೆ ಈಚೆ ಆಡುತ್ತಿರುತ್ತದೆ. ಕ್ಲಿಪ್ ಕಳಚಿದ್ದರೆ ಟೈರಿಗೆ ಉಜ್ಜಿ ಹರಿಯುತ್ತದೆ. ನಿಂತ ಗಾಡಿಗೆ ಇಲಿ ಬಂದರೆ ಅದಕ್ಕೂ ಮೊದಲು ಸಿಗುವುದು ಇಂಥ ವೈರೇ. ಕರಾವಳಿಯಲ್ಲಿ ಅರ್ತಿಂಗ್ ಬೋಲ್ಟ್ ಹಸಿರು ಹಿಡಿದು ಕೂತಿರುತ್ತದೆ. ಕನೆಕ್ಟರ್ ಬಿಚ್ಚಿ ಒಳಗೆ ನೋಡಿ, ಹಸಿರು ಪುಡಿ ಕಂಡರೆ ಕಾರಣ ಸಿಕ್ಕಿದ ಹಾಗೆ. ಹರಿದ ವೈರನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಅದೇ ಲೈಟ್. ಎರಡು ವೈರ್ ಒಂದಕ್ಕೊಂದು ಹೆಣೆದುಕೊಂಡಿದ್ದರೆ ರಿಪೇರಿ ಆದ ಮೇಲೂ ಹಾಗೇ ಹೆಣೆದಿರಲಿ, ಬೇರೆ ವೈರಿನ ಗದ್ದಲ ಒಳಗೆ ಬರದಿರಲು ಹಾಗೆ ಮಾಡಿರುತ್ತಾರೆ.

ಪ್ರೆಷರ್ ವಾಷರಿನಿಂದ ಬಾನೆಟ್ ಒಳಗಿನ ಡಬ್ಬಿಯ ಕನೆಕ್ಟರಿಗೆ ನೇರವಾಗಿ ನೀರು ಹೊಡೆಯಬೇಡಿ. ನೆರೆ ನೀರಿನಲ್ಲಿ ನಿಂತ ಗಾಡಿಯಾದರೆ ಕೀ ಆನ್ ಮಾಡುವ ಮೊದಲೇ ಬ್ಯಾಟರಿ ತೆಗೆಯಿರಿ.

ಹೊಸ ಇಎಸ್‌ಪಿ ಡಬ್ಬಿಯ ರೇಟ್ ಕೇಳಿ ತಲೆ ತಿರುಗಿತು. ಗುಜರಿಯಿಂದ ತರಬಹುದಾ?

ಬೆಂಗಳೂರಿನ ಶಿವಾಜಿನಗರಕ್ಕೆ ಹೋದರೆ ಸಿಗದ ಸಾಮಾನೇ ಇಲ್ಲ, ನಿಜ. ಆದರೆ ಈ ಡಬ್ಬಿ ಸೈಲೆನ್ಸರ್ ಅಲ್ಲ. ಪಾರ್ಟ್ ನಂಬರ್ ಪೂರ್ತಿ ಹೊಂದಬೇಕು, ಕೊನೆಯ ಅಕ್ಷರ ಸೇರಿ. ಒಂದೇ ಮಾಡೆಲಿನ ಪೆಟ್ರೋಲ್, ಡೀಸೆಲ್ ಗಾಡಿಗಳಿಗೂ ಒಳಗಿನ ಲೆಕ್ಕ ಬೇರೆ. ಹಾಕಿದ ಮೇಲೆ ಆ ಗಾಡಿಗೆ ಕೋಡಿಂಗ್ ಮಾಡಬೇಕು. ಪೈಪಿನ ತೂತುಗಳನ್ನು ಮುಚ್ಚದೆ ದೂಳಿನಲ್ಲಿ ಬಿದ್ದಿದ್ದ ಡಬ್ಬಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ. ನನ್ನನ್ನು ಕೇಳಿದರೆ, ಕಂಪ್ಯೂಟರ್ ಭಾಗ ಮಾತ್ರ ಕೆಟ್ಟಿದ್ದರೆ ಅದನ್ನು ರಿಪೇರಿ ಮಾಡುವ ನಂಬಿಕಸ್ಥರನ್ನು ಮೊದಲು ಹುಡುಕಿ, ಬ್ರೇಕ್ ಪೈಪ್ ಬಿಚ್ಚುವುದೇ ಉಳಿಯಬಹುದು.

ಫ್ಯೂಸ್ ಕಿತ್ತು ಓಡಿಸಿದರೆ? ಬ್ರೇಕ್ ಹೇಗೂ ಹಿಡಿಯುತ್ತದಲ್ಲ.

ಹಿಡಿಯುತ್ತದೆ, ಆದರೆ ಜೊತೆಗೆ ಎಬಿಎಸ್, ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್, ಹಿಂದೆ ಮುಂದೆ ಬ್ರೇಕ್ ಹಂಚುವ ಕೆಲಸ ಎಲ್ಲಾ ಹೋಗುತ್ತದೆ. ಬೇಡ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಇಲ್ಲೇ ಒಂದು ಮಾತು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಎಬಿಎಸ್, ಇಎಸ್‌ಪಿ ಲೈಟ್ ಹೊತ್ತಬೇಕು, ಕೆಲವು ಸೆಕೆಂಡಿಗೆ ಆರಬೇಕು. ಹೊತ್ತಲೇ ಇಲ್ಲ ಅಂದರೆ ಬಲ್ಬ್ ಕಿತ್ತಿರಬಹುದು. ಪಕ್ಕದ ಬೇರೊಂದು ಲೈಟಿನ ಜೊತೆಗೇ ಹೊತ್ತಿ, ಜೊತೆಗೇ ಆರಿದರೆ ಅದಕ್ಕೆ ವೈರ್ ಸೇರಿಸಿರಬಹುದು. ಫೋನಿನಲ್ಲಿ ವಿಡಿಯೊ ಮಾಡಿಕೊಂಡು, ಆ ವಿಡಿಯೊವನ್ನು ನಿಧಾನಕ್ಕೆ ಓಡಿಸಿ ನೋಡಿದರೆ ಈ ಕಳ್ಳಾಟ ಸಿಕ್ಕಿಬೀಳುತ್ತದೆ.

ಬಾಡಿ ವೆಲ್ಡಿಂಗ್ ಮಾಡಿಸಬೇಕು, ಬ್ಯಾಟರಿ ತೆಗೆದರೆ ಸಾಕಾ?

ಬ್ಯಾಟರಿ ತೆಗೆಯಿರಿ, ಇಎಸ್‌ಪಿ ಕಂಪ್ಯೂಟರಿನ ಕನೆಕ್ಟರೂ ಬಿಚ್ಚಿ. ಅರ್ತ್ ಕ್ಲಾಂಪ್ ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಇರಲಿ.

ಆಫ್ ಬಟನ್ ಯಾಕೆ ಕೊಟ್ಟಿದ್ದಾರೆ ಹಾಗಾದರೆ?

ಕೆಸರಿನಲ್ಲೋ ಮರಳಿನಲ್ಲೋ ಹೂತಾಗ. ಚಕ್ರ ಸ್ವಲ್ಪ ಸುತ್ತಿದರೆ ತಾನೇ ಗಾಡಿ ಮೇಲೆ ಬರುವುದು, ಆದರೆ ಸುತ್ತಿದ ಕೂಡಲೇ ಇದು ಪವರ್ ಕಡಿದುಬಿಡುತ್ತದೆ. ಆಗ ಆಫ್ ಮಾಡಿ, ಮೇಲೆ ಬಂದ ಕೂಡಲೇ ಆನ್ ಮಾಡಿ. ಶಿರಾಡಿ ಹತ್ತುವಾಗ ಗಾಡಿ ಎಳೆಯುತ್ತಿಲ್ಲ ಅಂತ ಆಫ್ ಮಾಡುವವರೂ ಇದ್ದಾರೆ, ಅವರಿಗೆ ಹೇಳುವಂಥದ್ದು ಏನಿಲ್ಲ.

ಕೆಲಸ ಮುಗಿದ ಮೇಲೆ ಟೆಸ್ಟ್ ಡ್ರೈವ್ ಹೇಗೆ?

ಮೊದಲು ನಿಂತಲ್ಲೇ. ಇಂಜಿನ್ ಆಫ್ ಇಟ್ಟು ಪೆಡಲ್ ಗಟ್ಟಿ ಇದೆಯಾ, ಅರ್ಧ ನಿಮಿಷ ಒತ್ತಿ ಹಿಡಿದರೆ ಕೆಳಗೆ ಜಾರುತ್ತದಾ ನೋಡಿ. ಸ್ಟಾರ್ಟ್ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿದು ನಿಲ್ಲುವುದು ತುಳಿತಕ್ಕೆ ಬಲ ಸೇರಿಸುವ ಬೂಸ್ಟರಿನ ಕೆಲಸ, ಸರಿಯಾಗಿದೆ. ಆಮೇಲೆ ಗ್ಯಾರೇಜಿನ ಅಂಗಳದಲ್ಲಿ ನಡೆಯುವ ವೇಗದಲ್ಲಿ ಎರಡು ಮೂರು ಸಲ ಬ್ರೇಕ್. ರಸ್ತೆಗೆ ಬಂದು ಸ್ವಲ್ಪ ವೇಗ ಹಿಡಿದಾಗ ಬಾನೆಟ್ ಕಡೆಯಿಂದ ಒಂದು ಸಣ್ಣ ಟಕ್ ಅಥವಾ ಗುರ್ ಸದ್ದು ಕೇಳಬಹುದು. ಪಂಪು ತನ್ನನ್ನು ತಾನು ಪರೀಕ್ಷೆ ಮಾಡಿಕೊಳ್ಳುತ್ತಿದೆ. ಮಾಲೀಕರಿಗೂ ಇದನ್ನು ಹೇಳಿಡಿ, ಇಲ್ಲದಿದ್ದರೆ ಅದೇ ಸದ್ದಿಗೆ ನಾಳೆ ವಾಪಸ್ ಬರುತ್ತಾರೆ.

ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆ ಸಿಕ್ಕರೆ 30ರ ಸ್ಪೀಡಿನಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಹಾಕಿ. ಪೆ​ಡಲ್ ಕಾಲಡಿಯಲ್ಲಿ ಗಡಗಡ ಅಂದರೆ ಎಬಿಎಸ್ ಬದುಕಿದೆ. ಅದಾದ ಮೇಲೆ ಪೆಡಲ್ ಮೊದಲಿನಷ್ಟೇ ಗಟ್ಟಿ ಇದೆಯಾ ಇನ್ನೊಮ್ಮೆ ನೋಡಿ, ಮೇಲೆ ಹೇಳಿದ ಅಡಗಿದ ಗಾಳಿ ಇದ್ದರೆ ಈಗ ಗೊತ್ತಾಗುತ್ತದೆ. ಇಎಸ್‌ಪಿ ಕೆಲಸ ಮಾಡುತ್ತದಾ ಅಂತ ನೋಡಲು ತಿರುವಿನಲ್ಲಿ ಜೋರಾಗಿ ಎಳೆಯುವ ಸಾಹಸ ಬೇಡ. ಅದಕ್ಕೆ ಸ್ಕ್ಯಾನರಿನ ಅಂಕಿಗಳೇ ಸಾಕು. ನೇರ ಹೋಗುವಾಗ ಸ್ಟೇರಿಂಗ್ ಕೋನ ಸೊನ್ನೆ ಆಸುಪಾಸು, ನಾಲ್ಕು ಚಕ್ರದ ಸ್ಪೀಡ್ ಒಂದೇ, ನಿಂತಾಗ ತಿರುಗುವ ವೇಗ ಸೊನ್ನೆ. ವಾಪಸ್ ಬಂದು ಕೋಡ್ ಇನ್ನೊಮ್ಮೆ ಓದಿ, ಜಾಬ್ ಕಾರ್ಡಿನಲ್ಲಿ ಬರೆದು, ಬ್ರೇಕ್ ಆಯಿಲ್ ಮುಚ್ಚಳ ಬಿಗಿ ಇದೆಯಾ ನೋಡಿ ಕೀ ಕೊಡಿ.